ಹನ್ನೊಂದು ಗಂಟೆ ಇಪ್ಪತ್ತು ನಿಮಿಷ

ಅಕ್ಟೋಬರ್ 3, ಶುಕ್ರವಾರ
ಕಾರ್ಖಾನೆ, ಬೆಳಗಿನ ಐದೂವರೆ

ಕಡ್ಡೀ,

ಐದು ವರ್ಷದಲ್ಲಿ ನಾವಿಬ್ಬರೂ ಫೋನಿನಲ್ಲಿ ಮಾತಾಡಿದ್ದು ನಾಲ್ಕು ಸಲ. ನಾಲ್ಕು ಸಲವೂ ನಾನು ಬೈದೆ, ನೀನು ಅತ್ತೆ. ಅದಕ್ಕೇ ಈ ಸಲ ಕಾಗದ. ಬೈದರೂ ನೀನು ಅಳುವುದು ನನಗೆ ಕೇಳಿಸುವುದಿಲ್ಲ.

ಸೋಮವಾರ ನಿನ್ನ ಗಂಡ ಫೋನ್ ಮಾಡಿದ್ದ. "ಅತ್ತಿಗೆ, ಗಡ್ಡೆ ಲಿವರ್‌ನಲ್ಲಿದೆ, ಕತ್ತರಿಸೋಕಾಗಲ್ಲಂತೆ. ನಿಮ್ಮ ಕಾರ್ಖಾನೆಯ ಮದ್ದೊಂದೇ ದಾರಿಯಂತೆ. ನಾನು ಟೈಮ್‌ಟೇಬಲ್ ನೋಡಿದೆ, ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಬಿಟ್ಟರೆ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಇಲ್ಲಿ. ಆರೇ ಗಂಟೆ!" ಅಂದ. ಪಾಪ, ಅಷ್ಟರಲ್ಲೇ ಖುಷಿಯಾಗಿದ್ದ. ನಿಮ್ಮ ಗಡಿಯಾರ ನಮ್ಮದಕ್ಕಿಂತ ಐದು ಗಂಟೆ ಹಿಂದೆ ಎಂಬುದನ್ನೇ ಮರೆತಿದ್ದ. ಲಿಫ್ಟ್ ರಿಪೇರಿ ಮಾಡುವವನಿಗೆ ಮೇಲೆ ಕೆಳಗೆ ಬಿಟ್ಟು ಬೇರೆ ದಿಕ್ಕು ತಿಳಿಯುವುದಿಲ್ಲ. ಅವನ ಖುಷಿಗೆ ಯಾಕೆ ನೀರೆರಚಲಿ ಎಂದು ಸುಮ್ಮನಾದೆ. ನಿನಗೆ ಹೇಳುತ್ತೇನೆ, ಕೇಳು.

ನಮ್ಮಿಬ್ಬರ ಊರಿನ ನಡುವೆ ಎಂಟು ಸಾವಿರದ ಒಂಬೈನೂರು ಕಿಲೋಮೀಟರ್. ನೇರ ವಿಮಾನಕ್ಕೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ನಮ್ಮದು ವಿಕಿರಣದ ಮದ್ದು, ಅದರ ಕಸುವು ಪ್ರತಿ ಹದಿನೇಳು ಗಂಟೆಗೆ ಅರ್ಧವಾಗುತ್ತದೆ. ಮುಚ್ಚಿಟ್ಟರೂ ಅಷ್ಟೇ, ಮಂಜುಗಡ್ಡೆಯಲ್ಲಿಟ್ಟರೂ ಅಷ್ಟೇ, ಅದರ ಗುಣವೇ ಅದು. ಇಲ್ಲಿಂದ ನೂರು ಭಾಗ ತುಂಬಿ ಕಳಿಸುತ್ತೇನೆ. ಅದಕ್ಕಿಂತ ಹೆಚ್ಚು ವಿಮಾನದಲ್ಲಿ ಹಾಕುವ ಹಾಗಿಲ್ಲ, ಕಾನೂನು. ಕಾರ್ಖಾನೆಯ ಬಾಗಿಲಿನಿಂದ ನಿನ್ನ ಹಾಸಿಗೆಯವರೆಗೆ ಒಟ್ಟು ಹತ್ತೊಂಬತ್ತು ಗಂಟೆ. ಅಷ್ಟು ಹೊತ್ತಿಗೆ ಉಳಿಯುವುದು ನಲವತ್ತಾರು. ನಿನ್ನ ಡಾಕ್ಟರಿಗೆ ಬೇಕಾದದ್ದು ಕನಿಷ್ಠ ನಲವತ್ತು. ಅಂದರೆ ದಾರಿಯಲ್ಲಿ ಎಲ್ಲಿ ಏನು ಎಡವಟ್ಟಾದರೂ ನಮ್ಮ ಕೈಯಲ್ಲಿರುವುದು ಮೂರೂವರೆ ಗಂಟೆ ಮಾತ್ರ.

ನೀನೇ ಇಲ್ಲಿಗೆ ಬಾ ಎನ್ನೋಣವೆಂದರೆ ನಿನ್ನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ವಿಮಾನ ಹತ್ತಲೇಬಾರದು ಎಂದಿದ್ದಾರಂತೆ. ಇನ್ನೊಂದು ಸಂಗತಿ. ಈ ನೇರ ವಿಮಾನ ಇರುವುದು ಇಪ್ಪತ್ತನಾಲ್ಕನೇ ತಾರೀಖಿನವರೆಗೆ. ಆಮೇಲೆ ಹೊಸ ಟೈಮ್‌ಟೇಬಲ್. ಮಧ್ಯದಲ್ಲೊಂದು ಊರಿನಲ್ಲಿ ಇಳಿಸಿ, ಕಾಯಿಸಿ, ಬೇರೆ ವಿಮಾನಕ್ಕೆ ಹತ್ತಿಸಿ, ಇಪ್ಪತ್ತೊಂದು ಗಂಟೆ ಮಾಡುತ್ತಾರೆ. ಆ ದಾರಿಯಲ್ಲಿ ಬಂದರೆ ನಿನಗೆ ಸಿಗುವುದು ಮೂವತ್ತೊಂದು ಭಾಗ. ಅದು ಯಾವ ಮೂಲೆಗೂ ಸಾಲದು.

ಮದ್ದು ತಯಾರಾಗುವುದು ವಾರಕ್ಕೊಮ್ಮೆ, ಶುಕ್ರವಾರ. ಇವತ್ತಿನದು ಸೇರಿ ನಾಲ್ಕು ಶುಕ್ರವಾರ ಇವೆ. ಇವತ್ತೇ ಮುಗಿಸಿಬಿಡೋಣ.

ಸೀಸದ ಡಬ್ಬದ ಮೇಲೆ ರಸೀದಿ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಈ ಕಾಗದ ತೂರಿಸಿದ್ದೇನೆ. ಖಾಲಿ ಡಬ್ಬ ಸೋಮವಾರದ ವಿಮಾನಕ್ಕೆ ವಾಪಸ್ ಬರುತ್ತದೆ. ಅದರಲ್ಲೇ ಬರೆದು ಕಳಿಸು. ಬೇರೆಯವರಿಗೆ ಹೇಳಬೇಡ, ನನ್ನ ಕೆಲಸಕ್ಕೆ ಸಂಚಕಾರ.

ಅಕ್ಕ


ಅಕ್ಟೋಬರ್ 6, ಸೋಮವಾರ

ಅಕ್ಕಾ,

ಆಗಲಿಲ್ಲ.

ಎದುರು ಗಾಳಿ ಜೋರಾಗಿ ಎಣ್ಣೆ ಸಾಲದೆ ವಿಮಾನ ಎಲ್ಲೋ ಇಳಿದು ತುಂಬಿಸಿಕೊಂಡಿತಂತೆ. ನಾಲ್ಕೂವರೆ ಗಂಟೆ ತಡ. ನಾನು ಮಧ್ಯಾಹ್ನದಿಂದ ಉಪವಾಸ, ಬೆನ್ನು ತೆರೆದ ಆ ದರಿದ್ರ ಅಂಗಿ ಹಾಕಿಕೊಂಡು ಗಾಲಿಮಂಚದ ಮೇಲೆ. ಇವರು ಪ್ರತಿ ಹತ್ತು ನಿಮಿಷಕ್ಕೂ ಕಿಟಕಿಗೆ ಹೋಗಿ ಆಕಾಶ ನೋಡುತ್ತಿದ್ದರು, ವಿಮಾನ ಆಸ್ಪತ್ರೆಯ ಅಂಗಳಕ್ಕೇ ಇಳಿಯುವವರ ಹಾಗೆ. ಕೊನೆಗೂ ಡಬ್ಬ ಬಂತು. ಅಳೆಯುವ ಹುಡುಗಿ ಎರಡು ಸಲ ಅಳೆದಳು. ಡಾಕ್ಟರಮ್ಮ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಡಾಕ್ಟರು ಕೂತರೆ ಸುದ್ದಿ ಕೆಟ್ಟದ್ದೆಂದೇ ಲೆಕ್ಕ.

"ಮೂವತ್ತೆಂಟು" ಅಂದರು. "ಎರಡೇ ಕಮ್ಮಿ. ಆದ್ರೂ ಕೊಡಲ್ಲ. ಅರೆಬರೆ ಕೊಟ್ಟರೆ ಗಡ್ಡೆ ಸಾಯಲ್ಲ, ಇನ್ನೊಂದ್ಸಲ ಕೊಡೋಕೂ ಬರಲ್ಲ."

"ಎರಡೇ ಅಲ್ವಾ ಮೇಡಂ, ಬಟ್ಟೆ ಹೊಲಿಯುವಾಗ ನಾವು ಎರಡಿಂಚು ಎಲ್ಲಾದರೂ ಎಳೆದು ಸರಿ ಮಾಡ್ತೀವಿ" ಅಂದೆ. ಅವರಿಗೆ ನಗು ಬರಲಿಲ್ಲ. ನನಗೂ ಬರಲಿಲ್ಲ.

ಮನೆಗೆ ಬಂದಿದ್ದೇನೆ. ಮೆಟ್ಟಿಲ ಕೆಳಗಿನ ನನ್ನ ಹೊಲಿಗೆ ಅಂಗಡಿ ನಿನಗೆ ಗೊತ್ತಲ್ಲ, ಇನ್ನೂ ಹನ್ನೊಂದು ಪ್ಯಾಂಟು ಗಿಡ್ಡ ಮಾಡುವುದಿದೆ. ಕೂತರೆ ಪಕ್ಕೆ ನೋಯುತ್ತದೆ, ನಿಂತು ಹೊಲಿಯಲು ಬರುವುದಿಲ್ಲ. ಹಾಗಾಗಿ ಕತ್ತರಿಸುವುದು ಮಾತ್ರ ಮಾಡುತ್ತೇನೆ. ಗಿರಾಕಿಗಳಿಗೆ ನನ್ನ ಕಾಯಿಲೆ ಗೊತ್ತಿಲ್ಲ. ಗೊತ್ತಾದರೆ ಪ್ಯಾಂಟು ವಾಪಸ್ ತೆಗೆದುಕೊಂಡು ಹೋಗುತ್ತಾರೆ.

ಸುಳ್ಳು ಯಾಕೆ ಹೇಳಲಿ, ಭಯವಾಗುತ್ತಿದೆ ಅಕ್ಕಾ. ಭಯವಾದಾಗ ಅಮ್ಮನನ್ನು ನೆನೆಯುತ್ತೇನೆ. ಮಧ್ಯಾಹ್ನ ಮಲಗಿದವಳು ಹಾಗೇ ಹೋದಳು, ಒಂದು ಮಾತೂ ಆಡಲಿಲ್ಲ ಅಂದಿದ್ದೆಯಲ್ಲ, ಅದನ್ನು ನೆನೆದರೆ ಒಂದು ಥರ ಧೈರ್ಯ. ನಾನು ಎರಡು ದಿನ ತಡವಾಗಿ ಬಂದಿದ್ದಕ್ಕೆ ಅವಳಿಗೇನೂ ನೋವಾಗಲಿಲ್ಲ ಎಂಬ ಧೈರ್ಯ.

ಮುಂದಿನ ಶುಕ್ರವಾರ ಗಾಳಿಗೆ ಸ್ವಲ್ಪ ಬುದ್ಧಿ ಹೇಳಿ ಕಳಿಸು.

ಕಡ್ಡಿ


ಅಕ್ಟೋಬರ್ 10, ಶುಕ್ರವಾರ
ಕಾರ್ಖಾನೆ

ಕಡ್ಡೀ,

ಗಾಳಿಗೆ ಬುದ್ಧಿ ಹೇಳಲು ಆಗಲಿಲ್ಲ, ಗಾಳಿಯ ಲೆಕ್ಕ ಹಾಕುವವನಿಗೆ ಹೇಳಿ ಬಂದೆ. ಬುಧವಾರ ರಜೆ ಹಾಕಿ ವಿಮಾನ ನಿಲ್ದಾಣಕ್ಕೇ ಹೋದೆ. ಯಾವ ವಿಮಾನಕ್ಕೆ ಎಷ್ಟು ಎಣ್ಣೆ, ಎಷ್ಟು ಸರಕು, ಎಷ್ಟು ಜನ ಎಂದು ತೂಗಿ ನೋಡುವ ಮೇಜಿನಲ್ಲಿ ಒಬ್ಬ ಕೂತಿರುತ್ತಾನೆ. ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು, ಜಗತ್ತೇ ತನ್ನ ತಕ್ಕಡಿಯಲ್ಲಿದೆ ಎನ್ನುವ ಮುಖ. "ಅಮ್ಮಾ, ಪಶ್ಚಿಮಕ್ಕೆ ಹೋಗೋವಾಗ ಗಾಳಿ ಎದುರು, ಬರೋವಾಗ ಬೆನ್ನಿಗೆ. ಅದಕ್ಕೇ ಹೋಗೋದಕ್ಕೆ ಹನ್ನೊಂದೂ ಇಪ್ಪತ್ತು, ಬರೋದಕ್ಕೆ ಒಂಬತ್ತೂ ಐವತ್ತು. ನಾನೇನು ಮಾಡಲಿ?" ಅಂದ. "ಎಣ್ಣೆ ಜಾಸ್ತಿ ಹಾಕಿ, ದಾರೀಲಿ ಇಳಿಸಬೇಡಿ. ಆ ಡಬ್ಬದಲ್ಲಿ ನನ್ನ ತಂಗಿ ಇದಾಳೆ" ಅಂದೆ. ಅವನು ಪೆನ್ಸಿಲ್ ಕೆಳಗಿಟ್ಟ. "ಡಬ್ಬದಲ್ಲಾ?" ಅಂದ. ಆಮೇಲೆ ಎಲ್ಲಾ ಬಿಡಿಸಿ ಹೇಳಿದೆ. ಈಗ ನಮ್ಮ ಡಬ್ಬದ ನಂಬರು ಅವನ ಗೋಡೆಯ ಮೇಲಿದೆ.

ಮೂವತ್ತೆಂಟು ಎಂದು ಓದಿದಾಗ ನನಗಾದ ಸಿಟ್ಟನ್ನು ಯಾರ ಮೇಲೆ ತೀರಿಸಲಿ? ಕೈಗೆ ಸಿಕ್ಕವನು ಪಾಪದ ಕಾವಲುಗಾರ, ಅವನಿಗೆ ಬೈದೆ. ಗಾಜಿನ ಆಚೆ ಉಕ್ಕಿನ ಕೈಗಳನ್ನು ಆಡಿಸಿ ಮದ್ದು ತುಂಬಿಸುವಾಗ ನಾನು ಇಪ್ಪತ್ತು ವರ್ಷದಲ್ಲಿ ಒಂದು ಹನಿ ಚೆಲ್ಲಿಲ್ಲ. ಇವತ್ತೂ ಚೆಲ್ಲಲಿಲ್ಲ, ಆದರೂ ಮೂರು ಸಲ ಅಳೆದು ನೋಡಿದೆ.

ಪ್ಯಾಂಟು ಗೀಂಟು ಬದಿಗಿಡು. ಹೊಟ್ಟೆ ತುಂಬ ಉಣ್ಣು. ಜ್ವರ ಬಂದರೆ, ರಕ್ತದ ಕಣ ಕಮ್ಮಿಯಾದರೆ ಡಾಕ್ಟರು ಮದ್ದು ಮುಟ್ಟುವುದಿಲ್ಲ. ಅದು ನಿನ್ನ ಕೈಯಲ್ಲಿರುವುದು, ಉಳಿದದ್ದು ನನ್ನ ಪಾಲಿಗೆ.

ಅಮ್ಮನ ವಿಷಯ ಈಗ ಬೇಡ.

ಅಕ್ಕ


ಅಕ್ಟೋಬರ್ 13, ಸೋಮವಾರ

ಅಕ್ಕಾ,

ಈ ಸಲವೂ ವಿಮಾನ ತಡ. ಅದೇ ಹಾಡು. ಬೇಜಾರು ಮಾಡಿಕೊಳ್ಳಬೇಡ, ಇನ್ನೂ ಎರಡು ಶುಕ್ರವಾರ ಇದೆಯಲ್ಲ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಉಣ್ಣುತ್ತಿದ್ದೇನೆ. ಇವರು ಅಡುಗೆ ಮಾಡುತ್ತಾರೆ, ಉಪ್ಪು ಒಂದು ದಿನ ಹಾಕುವುದಿಲ್ಲ, ಮಾರನೇ ದಿನ ಎರಡು ದಿನದ್ದೂ ಸೇರಿಸಿ ಹಾಕುತ್ತಾರೆ. ಹವೆ ಚೆನ್ನಾಗಿದೆ. ಎದುರು ಮನೆಯವರು ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದರು.

ಅಮ್ಮನ ವಿಷಯ ಬೇಡ ಅಂದೆಯಲ್ಲ, ಸರಿ. ಎಲ್ಲಾ ಗೊತ್ತಿದ್ದೂ ಬಾಯಿ ಬಿಡದಿರುವುದು ನಮ್ಮ ಮನೆಯವರಿಗೆ ಹೊಸದೇನಲ್ಲ ಬಿಡು.

ನನ್ನದೊಂದು ಮಾತು. ನನಗೆ ಎಷ್ಟು ದಿನ ಎಂದು ಲೆಕ್ಕ ಹಾಕುತ್ತಾ ಕೂರಬೇಡ. ನಿನ್ನ ಬುದ್ಧಿ ನನಗೆ ಗೊತ್ತು. ಮದ್ದಿನ ಲೆಕ್ಕ ಹಾಕು, ಮನುಷ್ಯರ ಲೆಕ್ಕ ಹಾಕಬೇಡ.

ಕಡ್ಡಿ


ಅಕ್ಟೋಬರ್ 16, ಗುರುವಾರ

ತಂಗಿಗೆ,

ಸುಳ್ಳು ಹೇಳುವುದಾದರೆ ಸಿಕ್ಕಿಬೀಳದ ಹಾಗೆ ಹೇಳಬೇಕು. ವಿಮಾನ ಇಳಿದ ಹೊತ್ತು ನನಗೆ ಅದೇ ದಿನ ಬರುತ್ತದೆ. ಹತ್ತು ನಿಮಿಷ ಮುಂಚೆಯೇ ಇಳಿದಿದೆ. ಡಬ್ಬದ ಜೊತೆ ನಿಮ್ಮ ಆಸ್ಪತ್ರೆಯ ರಸೀದಿಯೂ ಬಂದಿದೆ: "ಅಳತೆ ನಲವತ್ತಾರು. ಬಳಸಿಲ್ಲ." ನಲವತ್ತಾರು, ಕಡ್ಡೀ! ನನ್ನ ಕೈಯಿಂದ ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ. ಅದರ ಮೇಲೆ ನಿನ್ನೆ ಆಸ್ಪತ್ರೆಯಿಂದ ಸಂದೇಶ, ಈ ಶುಕ್ರವಾರ ನಿನ್ನ ಮದ್ದು ಬೇಡವಂತೆ. ಬೇರೆ ರೋಗಿಗಳ ಸಣ್ಣ ಡಬ್ಬ ನಾಳೆ ಹೊರಡುತ್ತಿದೆ, ಅದರಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅಂದರೆ ನೀನೇ ಬೇಡ ಅಂದಿದ್ದೀಯ. ನನ್ನ ಕೈಯ ಮದ್ದು ನಿನಗೆ ಬೇಡ. "ಎಲ್ಲಾ ಗೊತ್ತಿದ್ದೂ" ಎಂದು ಬರೆದದ್ದನ್ನು ನಾನು ಹತ್ತು ಸಲ ಓದಿದೆ. "ಮನುಷ್ಯರ ಲೆಕ್ಕ ಹಾಕಬೇಡ" ಎಂಬುದನ್ನೂ ಓದಿದೆ. ನಿನಗೆ ಗೊತ್ತಾಗಿದೆ. ಅಮ್ಮನನ್ನು ನೋಡಿಕೊಂಡ ಆ ದಾದಿ ನಿಮ್ಮ ಕಡೆಗೇ ಕೆಲಸಕ್ಕೆ ಬಂದಿದ್ದಾಳೆಂದು ಕೇಳಿದ್ದೆ, ಅವಳೇ ಹೇಳಿರಬೇಕು. ಯಾರು ಹೇಳಿದರೂ ಅರ್ಧ ಹೇಳಿರುತ್ತಾರೆ. ಪೂರ್ತಿ ನನ್ನ ಬಾಯಿಂದಲೇ ಕೇಳು.

ಅಮ್ಮ ಆ ಮಧ್ಯಾಹ್ನ ಹೋಗಲಿಲ್ಲ.

ನಿನಗೆ ಫೋನ್ ಮಾಡಿದ್ದರ ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಸಂಜೆ ದಾಟೋದು ಕಷ್ಟ, ಹೇಳೋರಿಗೆ ಹೇಳಿ" ಅಂದರು. ಫೋನ್ ಕೈಗೆ ತೆಗೆದುಕೊಂಡೆ. ನಿನ್ನ ನಂಬರು ಒತ್ತುವ ಮೊದಲು ಲೆಕ್ಕ ಹಾಕಿದೆ. ನನ್ನ ತಲೆ ಅದೊಂದನ್ನೇ ಕಲಿತಿರುವುದು: ಹೊರಡುವಾಗ ಎಷ್ಟು, ಮುಟ್ಟುವಾಗ ಎಷ್ಟು ಉಳಿದಿರುತ್ತದೆ. ನೀನು ಟಿಕೆಟ್ ಮಾಡಿ, ವಿಮಾನ ನಿಲ್ದಾಣಕ್ಕೆ ಹೋಗಿ, ಒಂಬತ್ತೂ ಐವತ್ತು ಹಾರಿ, ಇಳಿದು, ಟ್ಯಾಕ್ಸಿ ಹಿಡಿದರೆ ಹದಿನೆಂಟು ಗಂಟೆ. ಅಮ್ಮನಿಗೆ ಇರುವುದು ಐದೋ ಆರೋ. ಹದಿನೆಂಟು ಗಂಟೆ ಒಬ್ಬಳೇ ಅಳುತ್ತಾ ಬಂದು ಏನೂ ಸಿಗದಿದ್ದರೆ? ಅವಳು ಇವತ್ತೊಂದು ದಿನ ನೆಮ್ಮದಿಯಾಗಿರಲಿ, ಎಲ್ಲಾ ಮುಗಿದ ಮೇಲೆ ಹೇಳೋಣ ಎಂದು ಫೋನ್ ಕೆಳಗಿಟ್ಟೆ.

ಸಂಜೆ ದಾಟಿತು. ಅಮ್ಮ ಕಣ್ಣು ಬಿಟ್ಟಳು. ಮೂವತ್ತು ಗಂಟೆ ಇದ್ದಳು, ಕಡ್ಡೀ. ಮೂವತ್ತು.

ಮೊದಲನೇ ಗಂಟೆ ನನ್ನದು ತಪ್ಪು ಲೆಕ್ಕ. ಆಮೇಲಿನದೆಲ್ಲ ಹೇಡಿತನ. ಪ್ರತಿ ಗಂಟೆಗೂ ಫೋನ್ ನೋಡುತ್ತಿದ್ದೆ. ಈಗ ಮಾಡಿದರೆ "ಆಗಲೇ ಯಾಕೆ ಮಾಡಲಿಲ್ಲ" ಎಂದು ಕೇಳುತ್ತೀ. ಇನ್ನೊಂದು ಗಂಟೆಯಲ್ಲಿ ಮುಗಿಯಬಹುದು ಎಂದುಕೊಂಡೆ. ಅಮ್ಮನ ಸಾವಿಗೆ ಕಾದೆ ಎಂದೇ ಇಟ್ಟುಕೋ. ಅವಳು ಹೋದ ಮೇಲೆ ಫೋನ್ ಮಾಡಿ "ಮಲಗಿದ್ದಲ್ಲೇ ಹೋದಳು" ಅಂದೆ. ಆಮೇಲಿನ ಐದು ವರ್ಷ ನಿನಗೆ ಬೈದದ್ದೆಲ್ಲ ನನಗೇ ಬೈದುಕೊಂಡದ್ದು.

ನನ್ನ ಮುಖ ನೋಡಬೇಡ, ನನ್ನ ಹೆಸರು ಹಿಡಿದು ಶಾಪ ಹಾಕು. ಮದ್ದು ಮಾತ್ರ ಬೇಡ ಅನ್ನಬೇಡ. ಅದನ್ನು ನಾನು ಮಾಡಿದೆ ಎಂದು ಯಾಕೆ ತಿಳಿಯಬೇಕು? ಉಕ್ಕಿನ ಕೈ ಮಾಡಿದೆ ಎಂದುಕೋ. ಇಪ್ಪತ್ತನಾಲ್ಕು ಕೊನೆಯ ಶುಕ್ರವಾರ.

ಅಕ್ಕ


ಅಕ್ಟೋಬರ್ 20, ಸೋಮವಾರ
ಆಸ್ಪತ್ರೆ

ನನಗೇನೂ ಗೊತ್ತಿರಲಿಲ್ಲ.

ದಾದಿಯೂ ಇಲ್ಲ, ಯಾರೂ ಇಲ್ಲ. ನನಗೆ ಜ್ವರ ಬಂದಿತ್ತು, ಅಷ್ಟೇ. ಹತ್ತನೇ ತಾರೀಖು ಮದ್ದು ಬಾಗಿಲಿಗೆ ಬಂದಾಗ ನನಗೆ ನೂರಾ ಎರಡು ಜ್ವರ, ಬಿಳಿ ರಕ್ತಕಣ ನೆಲ ಕಚ್ಚಿದ್ದವು. ಡಾಕ್ಟರಮ್ಮ ಮುಟ್ಟಲಿಲ್ಲ. ನಿನಗೆ ಹೇಳಿದರೆ ಕೂತು ಲೆಕ್ಕ ಹಾಕುತ್ತೀಯ, ಇವಳಿಗಿನ್ನು ಇಷ್ಟೇ ಎಂದು ತೀರ್ಮಾನ ಮಾಡುತ್ತೀಯ ಎಂದು ಸುಳ್ಳು ಬರೆದೆ. "ಎಲ್ಲಾ ಗೊತ್ತಿದ್ದೂ" ಎಂದದ್ದು ನನ್ನ ಬಗ್ಗೆಯೇ. ನನ್ನ ಸಣ್ಣ ಸುಳ್ಳಿಗೆ ನಿನ್ನ ದೊಡ್ಡದು ಹೊರಗೆ ಬಿತ್ತು.

ನಿನ್ನ ಕಾಗದವನ್ನು ಇವರು ಓದಿ ಹೇಳಿದರು, ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ. "ಮೂವತ್ತು" ಎಂಬಲ್ಲಿ ನಿಲ್ಲಿಸಿಬಿಟ್ಟರು. "ಮುಂದೆ ಓದಿ" ಅಂದೆ. "ಬೇಡ ಕಣೇ" ಅಂದರು. ಕಿತ್ತುಕೊಂಡು ನಾನೇ ಓದಿದೆ.

ನೀನು ಲೆಕ್ಕದವಳಲ್ಲವಾ, ಈಗ ನಾನೊಂದು ಲೆಕ್ಕ ಹೇಳುತ್ತೇನೆ. ಮೂವತ್ತರಲ್ಲಿ ಹದಿನೆಂಟು ಕಳೆದರೆ ಹನ್ನೆರಡು. ಹನ್ನೆರಡು ಗಂಟೆ ನನ್ನದಿತ್ತು. ಅಮ್ಮನ ತಲೆ ಬಾಚಬಹುದಿತ್ತು. ಬೈಸಿಕೊಳ್ಳಬಹುದಿತ್ತು. ಸುಮ್ಮನೆ ಕಾಲ ಬಳಿ ಕೂತಿರಬಹುದಿತ್ತು. ಯಾರು ನಿನಗೆ ಅಧಿಕಾರ ಕೊಟ್ಟದ್ದು? ತಡವಾಗಿಯೇ ಬರುತ್ತಿದ್ದೆ, ಏನೂ ಸಿಗದೆ ಹೋಗುತ್ತಿತ್ತು, ಆದರೆ ಹೊರಟಿರುತ್ತಿದ್ದೆ! ಹೊರಡುವುದಕ್ಕೂ ನೀನು ಬಿಡಲಿಲ್ಲ. ಐದು ವರ್ಷ "ನಾನೇ ತಡ ಮಾಡಿದೆ" ಎಂದು ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ತಿರುಗಿದೆ. ಈ ಗಡ್ಡೆಯೂ ಅದಕ್ಕೇ ಬಂತು ಎಂದುಕೊಂಡಿದ್ದೆ, ಹುಚ್ಚಿ.

ಈಗ ಮದ್ದಿನ ಸಂಗತಿ. ಜ್ವರ ಇಳಿದಿದೆ. ಗುರುವಾರ ರಕ್ತ ನೋಡುತ್ತಾರೆ, ಸರಿಯಿದ್ದರೆ ಶುಕ್ರವಾರ ಕೊಡುತ್ತಾರೆ. ಅದು ತಪ್ಪಿದರೆ ಇನ್ನು ಇಲ್ಲ ಎಂದು ಡಾಕ್ಟರಮ್ಮ ಕೂತುಕೊಂಡೇ ಹೇಳಿದರು. ಆಸ್ಪತ್ರೆಯಿಂದ ಬೇಡಿಕೆ ಹೋಗಿದೆ. ಮದ್ದು ಕಳಿಸು. ನನಗೆ ಬದುಕಬೇಕು. ನಿನ್ನ ಮೇಲಿನ ಸಿಟ್ಟಿಗೆ ನಾನು ಯಾಕೆ ಸಾಯಲಿ?

ಅಮ್ಮ ನನ್ನನ್ನು ಕೇಳಿದಳಾ? ಕಾಗದದಲ್ಲಿ ಬರೆಯಬೇಡ. ಬಂದು ಹೇಳು. ನನ್ನ ಮುಖ ನೋಡಿಕೊಂಡು ಹೇಳು.


ಅಕ್ಟೋಬರ್ 24, ಶುಕ್ರವಾರ
ಕಾರ್ಖಾನೆ, ಬೆಳಿಗ್ಗೆ ಐದು

ಕಡ್ಡೀ,

ಬರುತ್ತಿದ್ದೇನೆ. ನಿನ್ನೆ ನಿನ್ನ ಗಂಡ ಫೋನಿನಲ್ಲಿ "ರಕ್ತ ಪಾಸ್!" ಎಂದು ಕಿರುಚಿದ, ನಾನು ಕೂಡಲೇ ರಜೆ ಚೀಟಿ ಬರೆದೆ. ಮೇಲಿನವನು "ಇಷ್ಟು ವರ್ಷದಲ್ಲಿ ಒಂದು ವಾರ ರಜೆ ಕೇಳಿದವರಲ್ಲ" ಅಂದ. "ಇಷ್ಟು ವರ್ಷ ಕೇಳಬೇಕಿತ್ತು" ಅಂದೆ. ಟಿಕೆಟ್ ಕಾಯುವ ಪಟ್ಟಿಯಲ್ಲಿತ್ತು, ಬೆಳಿಗ್ಗೆ ಸೀಟು ಬಂತು. ಕೆಳಗೆ ಸರಕಿನ ಹೊಟ್ಟೆಯಲ್ಲಿ ಡಬ್ಬ, ಮೇಲೆ ನಾನು. ಮೊದಲ ಸಲ ಒಟ್ಟಿಗೆ ಹೋಗುತ್ತಿದ್ದೇವೆ. ನೀನು ಕೇಳಿದ್ದಕ್ಕೆ ಎದುರಿಗೇ ಉತ್ತರ. ಈ ಚೀಲದಲ್ಲಿ ರಸೀದಿ ಬಿಟ್ಟು ಬೇರೇನೂ ಇಡುವುದಿಲ್ಲ, ಈ ಕಾಗದ ನನ್ನ ಕೈಯಲ್ಲೇ ಬರುತ್ತದೆ.

ಅದೇ ದಿನ, ವಿಮಾನ ನಿಲ್ದಾಣ, ಹತ್ತೂ ನಲವತ್ತು

ಕಡ್ಡೀ, ವಿಮಾನ ಇನ್ನೂ ಬಿಟ್ಟಿಲ್ಲ, ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ನಾನು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದೆ. ಪೆನ್ಸಿಲಿನವನು ಮೆಟ್ಟಿಲು ಹತ್ತಿಕೊಂಡು ಓಡಿ ಬಂದ, ಏದುಸಿರು. "ಅಮ್ಮಾ, ಇವತ್ತು ಗಾಳಿ ವಿಪರೀತ. ದಾರೀಲಿ ಇಳಿಸಬಾರದು ಅಂದ್ರೆ ಎಣ್ಣೆ ಜಾಸ್ತಿ ಬೇಕು, ಎಣ್ಣೆ ಹಾಕಿದ್ರೆ ಭಾರ ಇಳಿಸಬೇಕು. ಕೊನೇಲಿ ಬಂದ ಸರಕೆಲ್ಲ ಇಳಿಸ್ತಿದೀವಿ. ನಿಮ್ಮ ಡಬ್ಬನೂ ಅದರಲ್ಲೇ ಬರುತ್ತೆ. ಐವತ್ತೆಂಟು ಕೆಜಿ."

"ನಾನೆಷ್ಟಿದೀನಿ?" ಅಂದೆ.

ಅವನು ಕೈಯಲ್ಲಿದ್ದ ಪಟ್ಟಿ ತಿರುವಿದ. "ಬ್ಯಾಗ್ ಸೇರಿ ಅರವತ್ತನಾಲ್ಕು" ಅಂದ. "ಅಮ್ಮಾ, ನೀವೂ ಪಟ್ಟೀಲಿ ಕೊನೆಯವರೇ. ನೀವಿಳಿದ್ರೆ ಡಬ್ಬ ಬಿಡ್ತೀನಿ. ಎರಡಕ್ಕೂ ಜಾಗ ಇಲ್ಲ."

ಬೆಲ್ಟ್ ಬಿಚ್ಚಿದೆ. ಇಳಿದೆ. ಈಗ ಅವನ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಅವನೇ ಕಾಗದ ತೆಗೆದುಕೊಂಡು ಹೋಗಿ ಚೀಲಕ್ಕೆ ಹಾಕುತ್ತಾನೆ. ಇನ್ನು ನೇರ ವಿಮಾನ ಇಲ್ಲ. ಭಾನುವಾರದ ಸುತ್ತು ದಾರಿಯಲ್ಲಿ ಬರುತ್ತೇನೆ, ಇಪ್ಪತ್ತೊಂದು ಗಂಟೆ. ಮದ್ದಿನ ಹಾಗೆ ನಾನು ದಾರಿಯಲ್ಲಿ ಕಮ್ಮಿಯಾಗುವವಳಲ್ಲ. ಆದರೆ ಅಲ್ಲಿಯವರೆಗೆ ನಿನ್ನನ್ನು ಕಾಯಿಸಲು ನನಗೆ ಧೈರ್ಯವಿಲ್ಲ. ಒಂದು ಸಲ ಹಾಗೆ ಹೇಳದೆ ಇಟ್ಟುಕೊಂಡು ಕೆಟ್ಟೆ. ಬರೆಯಬೇಡ ಅಂದಿದ್ದೆ, ಬರೆಯುತ್ತೇನೆ, ಬೈಯಿ.

ಕೇಳಿದಳು. ಕಣ್ಣು ಬಿಟ್ಟ ಕೂಡಲೇ ಕೇಳಿದಳು. "ಚಿಕ್ಕವಳು ಹೊರಟಳಾ?" ಅಂದಳು. ನಾನು "ಹೊರಟಳು ಅಮ್ಮಾ" ಅಂದೆ. ಆಮೇಲೆ ಎಚ್ಚರವಾದಾಗಲೆಲ್ಲ "ಎಲ್ಲಿದಾಳೆ ಈಗ?" ಎಂದು ಕೇಳುವಳು. ನಾನು ಹೇಳುತ್ತಾ ಹೋದೆ. ವಿಮಾನ ಹತ್ತಿದಳು. ಸಮುದ್ರದ ಮೇಲಿದ್ದಾಳೆ. ಬೆಟ್ಟ ದಾಟಿದಳು. ಒಂಬತ್ತೂ ಐವತ್ತು ಮುಗಿದ ಮೇಲೆ ಏನು ಹೇಳುವುದು ತೋಚದೆ ನಿನ್ನ ವಿಮಾನವನ್ನು ತಿರುಗಿಸಿ ಮತ್ತೆ ಸಮುದ್ರದ ಮೇಲೆ ತಂದು ನಿಲ್ಲಿಸಿದೆ. ಗಾಳಿ ಎದುರಿದೆ ಅಮ್ಮಾ, ತಡವಾಗುತ್ತೆ ಅಂದೆ. "ಆಗಲಿ, ನಿಧಾನವಾಗಿ ಬರಲಿ, ನಾನಿರ್ತೀನಿ" ಅಂದಳು. ಆ ಮಾತಿಗೇ ಅವಳು ಮೂವತ್ತು ಗಂಟೆ ಇದ್ದದ್ದು. ನನಗೆ ಅದು ಆಗಲೇ ಗೊತ್ತಿತ್ತು, ಕಡ್ಡೀ.

ಅವನು ಕೈ ಚಾಚಿ ನಿಂತಿದ್ದಾನೆ. ಮುಗಿಸ


ಅಕ್ಟೋಬರ್ 27, ಸೋಮವಾರ
ಒಳಕೋಣೆ

(ದಪ್ಪ ಅಕ್ಷರದಲ್ಲಿ ಬರೆದು ಗಾಜಿಗೆ ಹಿಡಿಯುತ್ತಿದ್ದೇನೆ. ಈ ಕೋಣೆಯಿಂದ ಕಾಗದ ಹೊರಗೆ ಹೋಗುವ ಹಾಗಿಲ್ಲ, ನನ್ನ ಬೆವರೆಲ್ಲ ಈಗ ನಿನ್ನ ಮದ್ದೇ. ಒಂದೊಂದೇ ಹಾಳೆ ಓದು. ಓದಿ ತಲೆಯಾಡಿಸು, ಆಮೇಲೆ ತಿರುಗಿಸುತ್ತೇನೆ.)

ಅಕ್ಕಾ, ನಲವತ್ತೊಂದು ಇತ್ತು. ಮೂರು ಗಂಟೆ ತಡವಾಗಿ ಬಂದೂ ನಲವತ್ತೊಂದು. ಕೊಟ್ಟರು. ಗಡ್ಡೆ ಏನಾಯಿತು ಎಂಬುದು ಆರು ವಾರದ ಮೇಲೆ ಗೊತ್ತಾಗುತ್ತದಂತೆ. ಅಲ್ಲಿಯವರೆಗೆ ಏನೂ ಕೇಳಬೇಡ, ನನಗೂ ಗೊತ್ತಿಲ್ಲ.

ಎಷ್ಟು ಬಿಳಿ ಕೂದಲು ನಿನಗೆ! ದಾರಿಯಲ್ಲಿ ಕಮ್ಮಿಯಾಗುವವಳಲ್ಲವಂತೆ. ಅರ್ಧ ಆಗಿದ್ದೀಯ.

ಗಾಜು ತಟ್ಟಬೇಡ, ದಾದಿ ಬೈಯುತ್ತಾಳೆ. ಇನ್ನೂ ಎರಡು ದಿನ ಯಾರೂ ಹತ್ತಿರ ಬರುವ ಹಾಗಿಲ್ಲ. ಕುರ್ಚಿ ಎಳೆದುಕೊಂಡು ಕೂತುಕೋ. ಇವರು ಕಾಫಿ ತರುತ್ತಾರೆ, ಸಕ್ಕರೆ ಎಷ್ಟಿದ್ದರೂ ಕುಡಿ.

ನಿನ್ನ ಮೇಲೆ ಸಿಟ್ಟು ಹೋಗಿಲ್ಲ. ಹೋಗುತ್ತದೋ ಇಲ್ಲವೋ ತಿಳಿಯದು. ಸೀಟು ಬಿಟ್ಟು ಇಳಿದೆ ಎಂದು ಆ ಹನ್ನೆರಡು ಗಂಟೆ ವಾಪಸ್ ಬರುವುದಿಲ್ಲ. ಆದರೆ ಸಮುದ್ರದ ಮೇಲೆ ನನ್ನನ್ನು ನಿಲ್ಲಿಸಿದ್ದೆಯಲ್ಲ, ಅದನ್ನು ಓದಿ ನಾನು ಶುಕ್ರವಾರ ಇಡೀ ರಾತ್ರಿ ಅತ್ತೆ. ಮದ್ದು ಕೊಡುವವರು ನೋವಾಯಿತೇನೋ ಎಂದುಕೊಂಡರು. ಅಮ್ಮನ ಪಾಲಿಗೆ ನಾನು ಬರುತ್ತಲೇ ಇದ್ದೆ. ಅದೊಂದನ್ನು ನೀನು ಮಾಡಿದೆ.

ಅಳಬೇಡ, ಅಳುತ್ತಾ ಹೇಗೆ ಓದುತ್ತೀ? ಕಣ್ಣು ಒರೆಸಿಕೋ.

ನಿನ್ನ ಕೈಚೀಲದಲ್ಲಿ ಕಾಗದ ಪೆನ್ನು ಇರುತ್ತದೆ, ಇಲ್ಲದಿದ್ದರೆ ದಾದಿಯನ್ನು ಕೇಳು. ಮೂವತ್ತು ಹಾಳೆ ಬೇಕು. ಒಂದು ಗಂಟೆಗೆ ಒಂದು. ಅಮ್ಮ ಏನು ಕುಡಿದಳು, ಯಾವ ಕಡೆ ಮಗ್ಗುಲಾದಳು, ಏನಂದಳು, ಏನೂ ಅನ್ನದಿದ್ದರೆ ಏನೂ ಅನ್ನಲಿಲ್ಲ ಎಂದು ಬರಿ. ಬಿಡಬೇಡ, ಚೆನ್ನಾಗಿ ಕಾಣಿಸಬೇಕೆಂದು ಏನನ್ನೂ ಸೇರಿಸಬೇಡ. ಒಂದೊಂದೇ ಗಾಜಿಗೆ ಹಿಡಿ.

ನಾನು ಎದ್ದು ಕೂತಿದ್ದೇನೆ. ಮೊದಲನೇ ಗಂಟೆ ಬರಿ.